ಬಾವಿ ಕಡೆಯ ಗಾಳಿ

ನಗೋದಾದ್ರೆ ಈಗಲೇ ನಕ್ಕುಬಿಡಿ, ಆಮೇಲೆ ಬೇಡ. ಇದು ನಮ್ಮ ಚಿಕ್ಕಪ್ಪನ ಮಗ ಮಾರುತೇಶನಿಗೆ ಹೋದ ಚಳಿಗಾಲದಲ್ಲಿ ಆದದ್ದು.

ಅವನು ಚಳ್ಳಕೆರೆಯಲ್ಲಿ ಏಸಿ, ಫ್ರಿಜ್ ರಿಪೇರಿ ಮಾಡ್ತಾನೆ. ದೊಡ್ಡಉಳ್ಳಾರ್ತಿ ಹತ್ತಿರದ ತೋಟದಮನೆಯಿಂದ ಕೊಟ್ರಮ್ಮನವರು ಫೋನ್ ಮಾಡಿದ್ರು. ಅವರ ಮಗಳು ಶಿಲ್ಪಾ ಬೈಕಿನಿಂದ ಬಿದ್ದು ಎರಡು ವರ್ಷ, ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಬೆಚ್ಚಗಿನ ನೀರಲ್ಲಿ ಕಾಲಾಡಿಸಿದ್ರೆ ಒಂದಿಷ್ಟು ಆಸೆ ಇದೆ ಅಂತ ಡಾಕ್ಟರು ಹೇಳಿದ್ದಕ್ಕೆ ಮನೆ ಹಿಂದೆ ಈಜುಕೊಳ ಕಟ್ಟಿಸಿದ್ರು. ಆದರೆ ನೀರು ಕಾಯಿಸೋ ಹೀಟ್ ಪಂಪು ದಿನಾ ರಾತ್ರಿ ಐಸ್ ಕಟ್ಟಿ ನಿಂತುಬಿಡೋದು. ಕೆಳಗೆಲ್ಲ ನೀರು ಬೇರೆ.

ಇವನು ಹೋದಾಗ ಕತ್ತಲಾಗಿತ್ತು. ತಟ್... ತಟ್... ತೊಟ್ಟಿಕ್ಕೋ ಸದ್ದು. ಆ ನೀರಿಗೆ ಕ್ಲೋರಿನ್ ನೋಡೋ ಕಾಗದದ ಪಟ್ಟಿ ಅದ್ದಿದ. ಬಣ್ಣ ತಿರುಗಲಿಲ್ಲ, ಅಂದ್ರೆ ಕೊಳದ ಕ್ಲೋರಿನ್ ನೀರಲ್ಲ.

"ಕೊಳ ಸೋರ್ತಿಲ್ಲ ಕಣ್ರಮ್ಮ. ಇದು ಗಾಳಿ ಬೆವರು. ಮಿಷನ್ನು ಹೊರಗಿನ ಗಾಳಿ ಎಳ್ಕಂಡು ಅದ್ರ ಕಾವು ನೀರಿಗೆ ಕೊಡ್ತೈತೆ. ಗಾಳಿ ಸಾಲ್ದಿದ್ರೆ ಐಸು."

ಹಿಂದೆ ಹೋಗಿ ನೋಡಿದ್ರೆ, ಗಾಳಿ ಎಳೆಯೋ ಜಾಲರಿಗೆ ಯಾರೋ ಕಂಬಳಿ ಬಿಗಿದಿದ್ದಾರೆ! ಎದುರಿಗೆ ಹಾಳುಬಾವಿ. ಮನೆಕೆಲಸದ ಸೂರಮ್ಮ ಓಡಿ ಬಂದಳು.

"ತೆಗೀಬ್ಯಾಡಪ್ಪಾ... ದಿನಾ ಸಂಜಿಗೆ ನಾನೇ ಕಟ್ಟೋದು. ಬಾವಿ ಕಡೆ ಗಾಳಿ ಒಳ್ಳೇದಲ್ಲ... ಮಗು ಇಳಿಯೋ ನೀರು."

"ಗಾಳಿ ಸೋಕ್ದೆ ಇದು ಓಡಲ್ಲವ್ವ" ಅಂತ ನಕ್ಕ ನಮ್ಮ ಬುದ್ಧಿವಂತ. ಕಂಬಳಿ ಕಿತ್ತು, ಇನ್ನು ಕಟ್ಟೋಕೆ ಬಿಡಬೇಡಿ ಅಂತ ಕೊಟ್ರಮ್ಮನವರ ಕೈಗೆ ಕೊಟ್ಟು, ಬರೀ ಫ್ಯಾನ್ ಓಡಿಸಿದ. ಚಿಟ್... ಚಿಟಿಲ್... ಐಸ್ ಬಿಟ್ಟುಕೊಂಡಿತು. ಅರ್ಧ ಗಂಟೆಗೆ ಮಿಷನ್ನು ಗುಂಯ್ ಅಂತ ಹಿಡೀತು.

ಬಸ್ಸಿಗೆ ಹೊರಟ. ಬಾವಿ ದಾಟಿಕೊಂಡೇ ಹೋಗಬೇಕು. ಆ ಹುಲ್ಲುಗಾವಲು ಬಯಲಿನ ಗಾಳಿ ಗೊತ್ತಲ್ಲ, ತಲೆ ಮೇಲಿನ ಟವೆಲ್ ನಿಲ್ಲಲ್ಲ. ಅವತ್ತು ಒಂದು ಹುಲ್ಲುಕಡ್ಡಿ ಅಲ್ಲಾಡಲಿಲ್ಲ. ಬೆನ್ನ ಹಿಂದೆ, ಮೆಲ್ಲಗೆ...

"ತೆಗ್ದೆಯಾ?"

ಸೂರಮ್ಮ ಅಂದುಕೊಂಡ. "ಹ್ಞೂಂ, ತೆಗ್ದೆ."

ತಿರುಗಿ ನೋಡಿದ್ರೆ ಸೂರಮ್ಮ ಅಷ್ಟು ದೂರ, ಮನೆ ಜಗಲಿ ಮೇಲೆ, ದೀಪದ ಕೆಳಗೆ ಕೂತಿದ್ದಾಳೆ. ಇವನು ರಸ್ತೆವರೆಗೂ ಓಡಿದ.

ಮೂರನೇ ದಿನ ಬೆಳಿಗ್ಗೆ ಕೊಟ್ರಮ್ಮನವರ ಫೋನು. ಅಳು, ನಗು ಎರಡೂ.

"ಬಾರಪ್ಪಾ, ಏನ್ ಕೈಗುಣನೋ ನಿಂದು! ನಮ್ ಶಿಲ್ಪಾ ನಿಂತ್ಕಂಡ್ಲು!"

ಇವನು ಹೋಗೋ ಹೊತ್ತಿಗೆ ಶಿಲ್ಪಾ ನೀರಿನಿಂದ ಎದ್ದು ನಡೆದು ಬರ್ತಿದ್ದಳು. ತಾಯಿ ಎರಡೂ ಕೈ ಚಾಚಿಕೊಂಡು ನಿಂತಿದ್ರು. ಹುಡುಗಿ ಆ ಕೈ ದಾಟಿ ಸೀದಾ ಹೋಗಿ ಬಾವಿಕಟ್ಟೆ ಮೇಲೆ ಕೂತಳು.

"ಶಿಲ್ಪಾ... ಶಿಲ್ಪಾ..." ತಾಯಿ ಹಿಂದೆಯೇ ಹೋಗಿ ಕರೆದ್ರು. ತಿರುಗಲಿಲ್ಲ.

ಸೂರಮ್ಮ ಸೆರಗು ಬಾಯಿಗೊತ್ತಿಕೊಂಡು ಪಿಸುಗುಟ್ಟಿದಳು. "ಪಾತಮ್ಮಾ...?"

ಹುಡುಗಿ ತಿರುಗಿದಳು.

ಪಾತಮ್ಮ ಯಾರು ಅಂತ ಸೂರಮ್ಮ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಸುಳ್ಳು ಅನ್ನೋರು ಹೋಗಿ ನೋಡಿಕೊಂಡು ಬನ್ನಿ, ಮನೆ ಅಲ್ಲೇ ಇದೆ. ಹುಡುಗಿ ಚೆನ್ನಾಗಿ ನಡೀತಾಳೆ. ಊಟಕ್ಕೆ ಕರೆಯುವಾಗ ಕೊಟ್ರಮ್ಮನವರೂ ಈಗ ಪಾತಮ್ಮ ಅಂತಲೇ ಕರೀತಾರೆ.