ಮನೆಗೆ ಹೋಗೋಣ ಬಾ

ದೆವ್ವ ಇದೆ ಅಂತ ನಾನು ಹೇಳುವುದಿಲ್ಲ. ಪಕ್ಕದ ಮನೆಯ ಹೆಸ್ಟರ್ ಕೂಡ ಹೇಳುತ್ತಿರಲಿಲ್ಲ. ಇತಿಹಾಸದಲ್ಲಿ ಡಾಕ್ಟರೇಟು ಮಾಡಿದವಳು. ಇಲ್ಲಿನ ಥೇಮ್ಸ್ ನದಿ ದಂಡೆಯ ಹಳೇ ಅರಮನೆಯಲ್ಲಿ ಅವಳಿಗೆ ಸಂಶೋಧನೆಯ ಕೆಲಸ. ಪರದೇಶದಿಂದ ಬಂದು ಅಲ್ಲಿ ದುಡಿದು ಸತ್ತ ಕಹಳೆ ಊದುವವರು, ಅಡುಗೆಯವರು, ಆಯಾಗಳು... ಇವರ ಬದುಕನ್ನು ಹುಡುಕಿ ಬರೆಯುವುದು.

ಆ ರಾತ್ರಿ ಅರಮನೆಯ ಹಿಂದಿನ ಬಾವಿ ದಾಟಿ ಮನೆ ಕಡೆ ಹೊರಟಿದ್ದಳು. ಜಲ್ಲಿಯ ಮೇಲೆ ಅವಳ ಬೂಟು... ಕರಕ್, ಕರಕ್. ಅದರ ಬೆನ್ನಿಗೇ ಇನ್ನೊಂದು... ತಪ್... ತಪ್. ಬರಿಗಾಲು. ನವೆಂಬರ್ ಚಳಿಯಲ್ಲಿ.

ತಿರುಗಿದಳು. ಯಾರೂ ಇಲ್ಲ. ಆಗ ನೆನಪಾಯಿತು, ಬೀಗ ಹಾಕುವ ಹೊತ್ತಿಗೆ ತಾನಾಡಿದ ಮಾತು.

ಅಲ್ಲಿನ ಕಾವಲುಗಾರರು ಬೀಗ ಹಾಕುವಾಗ ಒಂದೊಂದು ಕೋಣೆಗೂ ಗುಡ್ ನೈಟ್ ಹೇಳುತ್ತಾರೆ. ಹಿಂದಿನಿಂದ ಬಂದ ಪದ್ಧತಿ. ರಾಜಮಕ್ಕಳ ತೊಟ್ಟಿಲ ಕೋಣೆಯ ಮುಂದೆ ಮುದುಕ ನೆವಿಲ್, "ನೀವೂ ಹೇಳಿ ಡಾಕ್ಟರಮ್ಮ, ಬಾಯೇನೂ ಸವೆಯಲ್ಲ" ಅಂದಿದ್ದ.

ಹೆಸ್ಟರ್ ನಕ್ಕಿದ್ದಳು. ಆ ಕೋಣೆಯ ಆಯಾಳನ್ನೇ ಅವಳು ವರ್ಷಗಟ್ಟಲೆ ಹುಡುಕುತ್ತಿದ್ದದ್ದು. ಇಂಡಿಯಾದಿಂದ ಅವಳನ್ನು ಕರೆತಂದವರು, ಮಗು ದೊಡ್ಡದಾದ ಮೇಲೆ ವಾಪಸ್ ಹಡಗು ಹತ್ತಿಸಲೇ ಇಲ್ಲ. ಹೆಸರು ಎಲ್ಲೂ ಸಿಕ್ಕಿರಲಿಲ್ಲ.

"ಪಾಪ, ಇನ್ನೂ ಎಷ್ಟು ದಿನ ಇಲ್ಲೇ ಕೂತಿರ್ತೀಯೆ?" ಅಂದಿದ್ದಳು ಕತ್ತಲಿಗೆ. "ಬಾ, ಮನೆಗೆ ಹೋಗೋಣ."

ನೆವಿಲ್‌ನ ಕೈಯಲ್ಲಿ ಬೀಗದ ಕೈ ಗೊಂಚಲು ಝಣ್ ಅಂದು ನಿಂತಿತು.

"ಗುಡ್ ನೈಟ್ ಹೇಳೋದು ಅಲ್ಲೇ ಮಲಗಿರ್ಲಿ ಅಂತ, ತಾಯಿ," ಪಿಸುಗುಟ್ಟಿದ. "ನೀವು ಕರೆದುಬಿಟ್ರಲ್ಲ..."

ಈಗ, ನಮ್ಮ ಬೀದಿಯ ತಿರುವಿನಲ್ಲಿ, ತಪ್... ತಪ್... ಸದ್ದು ಅವಳನ್ನು ದಾಟಿ ಮುಂದೆ ಹೋಯಿತು.

ಹೆಸ್ಟರ್ ಓಡಿದಳು. ಮನೆಯಲ್ಲಿ ಎಂಟು ತಿಂಗಳ ಮಗಳು ಐವಿ. ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಅಳದೆ ಮಲಗಿದ ಮಗುವಲ್ಲ. ಬಾಗಿಲು ತೆಗೆದರೆ... ನಿಶ್ಶಬ್ದ.

"ಶ್... ಮಲಗಿದಾಳೆ," ಅಂದ ಗಂಡ ರೋರಿ.

"ನೀನು ಮಲಗಿಸಿದ್ಯಾ?"

"ನಾನೆಲ್ಲಿ? ನೀನೇ ತಾನೆ ಈಗ ಮೇಲೆ ಹೋಗಿದ್ದು? ಬರಿಗಾಲಿನ ಸದ್ದು ಕೇಳಿಸ್ತು, ಶೂ ಬಿಚ್ಚಿ ಹೋದೆ, ಅಬ್ಬಾ ಬುದ್ಧಿ ಬಂತು ಅಂದ್ಕೊಂಡೆ."

ಮೇಲೆ ತೊಟ್ಟಿಲು... ಕಿರ್ರ್... ಕಿರ್ರ್... ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ನಿಂತಿತು.

ಅಂದಿನಿಂದ ಮಗು ಅತ್ತಿಲ್ಲ. ತಾಯಿ ಕೈಚಾಚಿದರೆ ಬರುವುದೂ ಇಲ್ಲ. ಅವಳ ಹೆಗಲಾಚೆ ಖಾಲಿ ಮೂಲೆಗೆ ಕೈ ನೀಡಿ ನಗುತ್ತದೆ. ಹೆಸ್ಟರ್ ನೆವಿಲ್‌ನ ಹತ್ತಿರ ಹೋದಳು.

"ಹೆಸರು ಹಿಡಿದು ಕರೆದು, ಹೋಗು ಅನ್ನಿ," ಅಂದ ಮುದುಕ.

"ಹೆಸರೇ ಸಿಕ್ಕಿಲ್ವಲ್ಲ ನೆವಿಲ್..."

ಹೋಗು ಅಂದರೂ ಆ ಆಯಾ ಎಲ್ಲಿಗೆ ಹೋಗಬೇಕು?

ಮೊನ್ನೆ ಬೆಳಗ್ಗೆ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಕಣ್ಣು ಗುಳಿಬಿದ್ದಿತ್ತು. ಮಗುವಿನ ಎಡಗೆನ್ನೆ ತೋರಿಸಿದಳು.

"ದಿನಾ ಒರೆಸ್ತೀನಿ. ಬೆಳಗಾದ್ರೆ ಮತ್ತೆ ಇರುತ್ತೆ. ನಿಮ್ಮ ಇಂಡಿಯಾ ಕಡೇಲಿ ಇದಕ್ಕೆ ಏನಂತಾರೆ?"

ನಾನು ಬೆರಳಿಟ್ಟೆ. ಜಿಡ್ಡಾಗಿ ಹತ್ತಿಕೊಂಡಿತು. ಕಾಡಿಗೆಯ ಬೊಟ್ಟು, ದೃಷ್ಟಿ ತಾಗದಿರಲೆಂದು ಇಡುವಂಥದ್ದು. ಹರಳೆಣ್ಣೆಯ ವಾಸನೆ.

ಆ ಮನೆಯಲ್ಲಿ ಹರಳೆಣ್ಣೆಯಿಲ್ಲ. ನಮ್ಮಲ್ಲೂ ಇಲ್ಲ. ನಂಬದಿದ್ದರೆ ನಾಳೆ ಬೆಳಗ್ಗೆ ಬನ್ನಿ, ಅವಳು ಒರೆಸುವ ಮುಂಚೆ.