ಒಂದೂ ಗೋಲಿಲ್ಲದ ಗೆಲುವು

ಸಭಾಧ್ಯಕ್ಷರೇ, ನನ್ನದಕ್ಕಿಂತ ಮೆತ್ತನೆಯ ಕುರ್ಚಿಯಲ್ಲಿ ಕುಳಿತಿರುವ ಮುಖ್ಯ ಅತಿಥಿಗಳೇ, ಇಂದಿನ ಸನ್ಮಾನಿತರಾದ ನಮ್ಮ ಕೋಚ್ ಅವರೇ, ಮೊದಲ ಸಾಲಿನಲ್ಲಿ ಈಗಾಗಲೇ ಗುಸುಗುಸು ಶುರುಮಾಡಿರುವ ಮಹಿಳಾ ತಂಡದ ಆಟಗಾರ್ತಿಯರೇ, ಹಾಗೂ ಜಾಗ ಸಾಲದೆ ಬಾಗಿಲ ಬಳಿ ನಿಂತಿರುವ ಸಭಿಕರೇ,

ನಮ್ಮ ಕೋಚ್ ಬಗ್ಗೆ ಮಾತಾಡಲು ಕ್ಲಬ್‌ನವರು ನನ್ನನ್ನೇ ಏಕೆ ಕರೆದರು? ಇವರನ್ನು ನನ್ನಷ್ಟು ಹತ್ತಿರದಿಂದ ಕಂಡವರು ಬೇರೆ ಯಾರಿದ್ದಾರೆ? ಫುಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ನಾನು ಎದುರು ಕ್ಲಬ್‌ನ ಸ್ಟ್ರೈಕರ್. ಗೋಲು ಹೊಡೆಯುವುದು ನನ್ನ ಕೆಲಸ. ಇವರು ಈ ಕ್ಲಬ್‌ನ ಡಿಫೆಂಡರ್. ನನಗೆ ಹೊಡೆಯಲು ಬಿಡದಿರುವುದು ಇವರ ಕೆಲಸ. ನಾನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನೀರು ಕುಡಿಯಲೆಂದು ಗೆರೆಯ ಹತ್ತಿರ ಹೋದರೆ ಅಲ್ಲೂ ಪಕ್ಕದಲ್ಲಿ ನಿಂತು, "ಮುಗೀತಾ?" ಎಂದು ಕೇಳುತ್ತಿದ್ದರು.

ಹೀಗೇ ಒಂದು ಮಧ್ಯಾಹ್ನ ಇವರ ಬೂಟು ನನ್ನ ಕಣಕಾಲಿಗೆ ಬಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ತಮ್ಮನ ಪರವಾಗಿ ಕ್ಷಮೆ ಕೇಳಲು ಇವರ ಅಕ್ಕ ಬಂದರು. ಕ್ಷಮಿಸಿದೆ. ಮರುದಿನವೂ ಬಂದರು. ಮತ್ತೆ ಕ್ಷಮಿಸಿದೆ. ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ನಮ್ಮ ಮದುವೆ ನಿಶ್ಚಯವಾಗಿತ್ತು! ನನ್ನ ಬದ್ಧ ವೈರಿ ನನಗೆ ಭಾಮೈದನಾಗಿದ್ದ. ಅಧ್ಯಕ್ಷರೇ, ಕ್ಷಮಿಸಬೇಕು, ಇನ್ನು ಮುಂದೆ 'ಇವರು' ಎನ್ನುವುದು ನನ್ನ ಕೈಲಾಗದು.

ನೆಂಟಸ್ತನ ಬೆಳೆದ ಮೇಲೆ ನನ್ನ ಆಟ ಸುಲಭವಾಯಿತೆಂದು ತಿಳಿದಿರಾ? ಇನ್ನೂ ಕೆಟ್ಟಿತು. ನನ್ನ ಬೆನ್ನಿಗೆ ಅಂಟಿಕೊಂಡೇ ಮನೆಮಾತು ತೆಗೆಯುತ್ತಿದ್ದ. "ಭಾವ, ಅಕ್ಕನಿಗೆ ಕೆಮ್ಮು ಕಡಿಮೆ ಆಯ್ತಾ?" ಕೇಳಿದ ಮೇಲೆ ಉತ್ತರ ಕೊಡದಿರಲಾಗುತ್ತದೆಯೇ? "ಪರವಾಗಿಲ್ಲ ಕಣೋ, ಔಷಧಿ ಬದಲಾಯಿಸಿ..." ಎನ್ನುವಷ್ಟರಲ್ಲಿ ಚೆಂಡು ಮೈದಾನದ ಆಚೆ ತುದಿಯಲ್ಲಿರುತ್ತಿತ್ತು. "ಅವನ ಜೊತೆ ಮಾತಾಡ್ಬೇಡ ಅಂದ್ರೆ ಕೇಳಲ್ವಲ್ಲಯ್ಯಾ!" ಎಂದು ನಮ್ಮ ತಂಡದವರು ನನ್ನನ್ನು ಉಗಿಯುತ್ತಿದ್ದರು. ಹೆಂಡತಿಯ ಆರೋಗ್ಯ ವಿಚಾರಿಸಿದವನಿಗೆ ಮುಖ ತಿರುಗಿಸಿದರೆ, ನನಗೆ ಸಂಜೆ ಮನೆಗೆ ಹೋಗುವುದು ಬೇಡವೇ?

ಡಿಫೆಂಡರ್‌ನ ಬದುಕು ಎಂಥದ್ದು ಬಲ್ಲಿರಾ? ನಮ್ಮ ಮನೆಯ ಗೋಡೆಯ ತುಂಬ ನನ್ನ ಫೋಟೋಗಳಿವೆ; ಬಾಯಿ ತೆರೆದು, ಕೈ ಚಾಚಿ, ಲೋಕವನ್ನೇ ಗೆದ್ದವನಂತೆ ಓಡುತ್ತಿದ್ದೇನೆ. ಅವನದು ಒಂದೇ ಫೋಟೋ. ಅದರಲ್ಲೂ ಮುಂದೆ ನಾನಿದ್ದೇನೆ, ಹಿಂದೆ ಅವನ ಒಂದು ಕಿವಿ ಮತ್ತು ಮೊಣಕೈ. ಛೇಡಿಸಿದರೆ ನಗುತ್ತಿದ್ದ. "ನೀವು ಹೊಡೆದ ಗೋಲನ್ನ ಊರೆಲ್ಲ ನೋಡತ್ತೆ ಭಾವ. ಹೊಡೆಯೋಕಾಗದೆ ಹೋಗಿದ್ದನ್ನ ನೋಡಿರೋದು ನಾನೊಬ್ಬನೇ."

ಆಟ ಬಿಟ್ಟ ಮೇಲೆ ಇಬ್ಬರೂ ಕೋಚ್ ಆದೆವು. ಹೌದು, ನಾನೂ ಆಗಿದ್ದೆ. ಯಾರಿಗೂ ನೆನಪಿಲ್ಲದಿದ್ದರೆ ಅದು ನನ್ನ ಪುಣ್ಯ. "ಹೀಗೆ ಹೊಡೀರಿ" ಎಂದು ಹೊಡೆದು ತೋರಿಸುತ್ತಿದ್ದೆ. "ಯಾಕೆ ಹಾಗೆ?" ಎಂದು ಕೇಳಿದರೆ ತಬ್ಬಿಬ್ಬಾಗುತ್ತಿದ್ದೆ. ನನ್ನ ಕಾಲಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಒಂದೇ ಹಂಗಾಮಿಗೆ ಕೈತೊಳೆದುಕೊಂಡು ಕ್ರೀಡಾ ಸಾಮಗ್ರಿಯ ಅಂಗಡಿ ಹಾಕಿದೆ. ಅವನು ಮಾತ್ರ ಆಟದುದ್ದಕ್ಕೂ ಹಿಂದೆ ನಿಂತು ಎಲ್ಲವನ್ನೂ ನೋಡಿದವನು, ಯಾವುದು ಏಕೆಂದು ಬಿಡಿಸಿ ಹೇಳಬಲ್ಲವನಾಗಿದ್ದ.

ನನಗೆ ಒಬ್ಬಳೇ ಮಗಳು. ತೊಟ್ಟಿಲಲ್ಲಿ ಕಾಲು ಝಾಡಿಸಿದಾಗಲೇ "ಇವಳು ನನ್ನ ಹಾಗೇ" ಎಂದು ಹಿಗ್ಗಿದವನು ನಾನು. ಆ ಮಗಳು ಮಾವ ಕೋಚ್ ಆಗಿರುವ ಇದೇ ಕ್ಲಬ್‌ನ ಮಹಿಳಾ ತಂಡಕ್ಕೆ ಸೇರಿ, ಬೂಟಿನ ಲೇಸು ಕಟ್ಟುತ್ತ, "ಅಪ್ಪ, ನಾನು ಹಿಂದೆ ಆಡ್ತೀನಿ. ಮಾವ ಆಡ್ತಿದ್ದ ಜಾಗ" ಎಂದಳು. ನಾನು ಮುಖ ದಪ್ಪ ಮಾಡಿಕೊಂಡು ಕುಳಿತೆ. ಭಾಮೈದ ಮನೆಗೆ ಬಂದರೆ ಪತ್ರಿಕೆಯನ್ನು ಅಡ್ಡ ಹಿಡಿದೆ. ಹೊಟ್ಟೆಕಿಚ್ಚು, ಮತ್ತೇನು? ಇದನ್ನು ಭಾಷಣಕ್ಕೆಂದು ಬರೆದುಕೊಂಡಿರಲಿಲ್ಲ, ಬಾಯಿತಪ್ಪಿ ಬಂತು. ಇರಲಿ.

ಈ ವರ್ಷದ ಆರಂಭದಲ್ಲಿ ಕ್ಲಬ್‌ನ ಆಡಳಿತ ಮಂಡಳಿ ಅವನಿಗೆ ಕಡ್ಡಿ ಮುರಿದಂತೆ ಹೇಳಿತು: ತಂಡ ಲೀಗ್‌ನ ಮೊದಲ ದರ್ಜೆಗೆ ಏರಬೇಕು, ಇಲ್ಲವೇ ನೀವು ಕೋಚ್ ಕೋಣೆ ಖಾಲಿ ಮಾಡಬೇಕು. ಆ ಮಂಡಳಿಯ ಕೆಲವರು ಇದೇ ವೇದಿಕೆಯಲ್ಲಿದ್ದಾರೆ. ಈಗ ಛಾವಣಿ ನೋಡುತ್ತಿದ್ದಾರೆ! ನನ್ನ ಹೆಂಡತಿ ಗಾಬರಿಯಾಗಿ, "ತೆಗೆದುಹಾಕಿದ್ರೆ ಏನೋ ಮಾಡ್ತೀಯ?" ಎಂದು ಕೇಳಿದಳು. "ನಂಗೆ ಬೇರೆ ಏನು ಬರತ್ತೆ ಅಕ್ಕಾ?" ಎಂದ. ಪತ್ರಿಕೆಯ ಹಿಂದೆ ಕುಳಿತಿದ್ದ ನಾನು ಒಂದೇ ಸಾಲನ್ನು ಮತ್ತೆ ಮತ್ತೆ ಓದಿದೆ.

ಇಷ್ಟಾದ ಮೇಲೆ ಅವನು ಮಾಡಿದ್ದೇನು? ದುಬಾರಿ ಸ್ಟ್ರೈಕರ್ ತಂದನೇ? ಇಲ್ಲ. ಹಿಂದಿನ ಸಾಲಿನ ನಾಲ್ಕು ಜನ ಡಿಫೆಂಡರ್‌ಗಳನ್ನು ಸಾಲಾಗಿ ನಿಲ್ಲಿಸಿ ಸೊಂಟಕ್ಕೆ ಹಗ್ಗ ಕಟ್ಟಿದ! ಒಬ್ಬಳು ಮುಂದೆ ಹೆಜ್ಜೆಯಿಟ್ಟರೆ ನಾಲ್ವರೂ ಇಡಬೇಕು; ಒಬ್ಬಳು ಹಿಂದುಳಿದರೆ ನಾಲ್ವರೂ ಬೀಳಬೇಕು. ಬಿದ್ದರು. ಎದ್ದರು. ಮತ್ತೆ ಬಿದ್ದರು. ಚೆಂಡು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಬೇಲಿಯಾಚೆ ನಿಂತವರು, "ಇವ್ನಿಗೆ ತಲೆ ಕೆಟ್ಟಿದೆ" ಎಂದರು. ನಾನೂ ಅಂದೆ, ಎಲ್ಲರಿಗಿಂತ ಜೋರಾಗಿ. ಮಗಳು ಮಂಡಿ ತರಚಿಕೊಂಡು ಮನೆಗೆ ಬಂದು, ಅಡುಗೆಮನೆಯಲ್ಲಿ ಅಮ್ಮನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹೆಜ್ಜೆ ಅಭ್ಯಾಸ ಮಾಡುತ್ತಿದ್ದಳು.

ಆಟ ಬಾರದವರಿಗಾಗಿ ಒಂದು ಮಾತು. ಫುಟ್‌ಬಾಲ್‌ನಲ್ಲಿ ಆಫ್‌ಸೈಡ್ ಎಂಬ ನಿಯಮವಿದೆ. ಜೊತೆಗಾರರು ಚೆಂಡನ್ನು ಕಳಿಸುವ ಕ್ಷಣಕ್ಕೆ ಸ್ಟ್ರೈಕರ್ ಎದುರಾಳಿಯ ಕೊನೆಯ ಡಿಫೆಂಡರ್‌ನನ್ನು ದಾಟಿ ನಿಂತಿದ್ದರೆ ಗೆರೆಯ ಬಳಿಯ ಸಹಾಯಕ ರೆಫರಿಯ ಬಾವುಟ ಏಳುತ್ತದೆ, ಹೊಡೆದ ಗೋಲು ನೀರುಪಾಲಾಗುತ್ತದೆ. ಆ ಬಾವುಟವನ್ನು ಒಪ್ಪಿಕೊಂಡ ಸ್ಟ್ರೈಕರ್ ಇನ್ನೂ ಹುಟ್ಟಿಲ್ಲ. ಹಗ್ಗ ಇದ್ದದ್ದು ಇದಕ್ಕೇ: ಸರಿಯಾದ ಗಳಿಗೆಯಲ್ಲಿ ನಾಲ್ವರೂ ಒಟ್ಟಿಗೆ ಮುಂದೆ ಸರಿದುಬಿಟ್ಟರೆ, ಎದುರಾಳಿ ತಾನಾಗಿಯೇ ಹಿಂದೆ ಒಂಟಿಯಾಗಿ ಸಿಕ್ಕಿಬೀಳುತ್ತಾಳೆ.

ಕೊನೆಯ ಪಂದ್ಯ ಬಂತು. ಎದುರಾಳಿಗಳು ಗೆಲ್ಲಲೇಬೇಕು, ನಮಗೆ ಸಮವಾದರೂ ಸಾಕು. ಆಟದುದ್ದಕ್ಕೂ ಅವರು ನಮ್ಮ ಹುಡುಗಿಯರ ಬೆವರಿಳಿಸಿದರು. ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ಅವರ ಸ್ಟ್ರೈಕರ್ ನಮ್ಮ ಸಾಲಿನ ಕಡೆ ಓಟ ಕಿತ್ತಳು. ಒಳ್ಳೆಯ ಆಟಗಾರ್ತಿ, ನನ್ನ ಕಸುಬಿನವಳು. ಓಡುವ ದಾರಿ ನನಗೆ ಅವಳಿಗಿಂತ ಮೊದಲೇ ಕಾಣುತ್ತಿತ್ತು. ನನ್ನ ಮಗಳು ಏನೋ ಕೂಗಿದಳು. ಸೊಂಟದಲ್ಲಿ ಹಗ್ಗವಿರಲಿಲ್ಲ, ಆದರೂ ನಾಲ್ವರೂ ಒಂದೇ ಮೈಯಂತೆ ಮುಂದೆ ಸರಿದರು. ಚೆಂಡು ಬಂತು, ಅವಳು ಒದ್ದಳು, ಬಲೆ ಅಲುಗಾಡಿತು. ಗೆರೆಯ ಬಳಿ ಬಾವುಟ ಮೇಲೇರಿತು.

ಆಗ ನಾನೇನು ಮಾಡಿದೆ? ಕುರ್ಚಿಯಿಂದ ಛಂಗನೆ ಎದ್ದು, ಎರಡೂ ಕೈ ಎತ್ತಿ, ಗಂಟಲು ಹರಿಯುವಂತೆ ಕೂಗಿದೆ: "ಆಫ್‌ಸೈಡ್ ಅಲ್ಲಾ! ಗೋಲು! ಗೋಲು ಕೊಡ್ರೀ!"

ನಮ್ಮ ಕಡೆಯ ಪ್ರೇಕ್ಷಕರೆಲ್ಲ ತಿರುಗಿ ನೋಡಿದರು. ನನ್ನ ಹೆಂಡತಿ ಅಂಗಿ ಹಿಡಿದು ಎಳೆದಳು. "ರೀ, ಕೂತ್ಕೊಳ್ರೀ! ಮಗಳು ಯಾವ ಕಡೆ ಆಡ್ತಿದಾಳೆ ಅನ್ನೋದಾದ್ರೂ ನೆನಪಿದ್ಯಾ?" ನಾಚಿಕೆಯಿಂದ ಕುಗ್ಗಿಹೋದೆ. ಅಷ್ಟರಲ್ಲಿ ಕೊನೆಯ ಸೀಟಿ ಮೊಳಗಿತು. ಸೊನ್ನೆ, ಸೊನ್ನೆ. ನಮ್ಮ ತಂಡ ಮೊದಲ ದರ್ಜೆಗೆ ಏರಿತ್ತು! ಒಂದೂ ಗೋಲಿಲ್ಲದ ಪಂದ್ಯಕ್ಕೆ ಈ ಊರು ಕುಣಿದಂತೆ ನನ್ನ ಯಾವ ಗೋಲಿಗೂ ಕುಣಿದಿರಲಿಲ್ಲ. ಹುಡುಗಿಯರು ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ಎಲ್ಲ ಕ್ಯಾಮೆರಾಗಳೂ ಅವನ ಕಡೆಗೇ ಇದ್ದವು.

ನಾನು ಗೆರೆಯ ಬಳಿ ನಿಂತಿದ್ದೆ. ಅವನು ಕೆಳಗಿಳಿದು ನೇರ ನನ್ನ ಬಳಿ ಬಂದ. ಪಕ್ಕದಲ್ಲಿ ಮಗಳು, ಹಣೆಯವರೆಗೂ ಕೆಸರು. ಇಬ್ಬರಿಗೂ ನನ್ನ ಕೂಗು ಕೇಳಿಸಿತ್ತು. ಆದರೂ ಕೊಂಕಿಲ್ಲದೆ ಕೇಳಿದ: "ಗೋಲೇ ಇಲ್ಲದ ಆಟ ಭಾವ, ಬೇಜಾರಾಯ್ತಾ?" ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಆಗ ನಾನು ಆಡಿದ್ದು ನನ್ನ ಜನ್ಮದಲ್ಲೇ ಆಡಿರದ ಮಾತು. ಅಂಗಿಯ ತೋಳಿನಿಂದ ಮಗಳ ಹಣೆಯ ಕೆಸರು ಒರೆಸಿದೆ.

"ಆಫ್‌ಸೈಡೇ ಕಣಮ್ಮ," ಎಂದೆ ಮಗಳಿಗೆ. "ಅನುಮಾನವೇ ಇಲ್ಲ. ಎಂಥಾ ಹೆಜ್ಜೆ ಇಟ್ರಿ!"

ಸಭಿಕರೇ, ಒಬ್ಬ ಸ್ಟ್ರೈಕರ್‌ನ ಬಾಯಿಂದ ಇಂಥ ಮಾತು ಹೊರಡಿಸಿದ ಕೋಚ್ ಭೂಮಿಯ ಮೇಲೆ ಬೇರೆಲ್ಲಾದರೂ ಇದ್ದಾನೆಯೇ? ಇದ್ದರೆ ತೋರಿಸಿ. ಮಂಡಳಿಯವರು ಅವನ ಕೋಣೆಯನ್ನು ಅವನಿಗೇ ಉಳಿಸಿದ್ದಾರೆ, ಅವರಿಗೆ ವಂದನೆಗಳು. ಇಷ್ಟು ವರ್ಷ ನನ್ನನ್ನು ತಡೆದ ನನ್ನ ಭಾಮೈದನಿಗೂ, ಇವತ್ತು ತಡೆಯದೆ ಕೇಳಿಸಿಕೊಂಡ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.