ವಾಪಸ್ ಬಂದ ಬೀಡಿ

ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರಿದ್ದರು. ಹಿರಿಯವಳ ಮಡಿಲಲ್ಲಿ ಬೀಡಿಯ ಬುಟ್ಟಿ. ಕಿರಿಯವಳು ಕೇಳಿದಳು:

"ಸುಗಂಧಿಯಕ್ಕ, ಭಾವನ ಗಂಟಲಿನ ರಿಪೋರ್ಟ್ ಬಂತಾ?"

"ಬಂತು. ಹೊಸ ಇಂಜೆಕ್ಷನ್ ಕೆಲಸ ಮಾಡ್ಲಿಕ್ಕೆ ಬೇಕಾದ ಗುರುತು ಆ ಕ್ಯಾನ್ಸರ್ ಗಡ್ಡೆಯಲ್ಲಿ ಇಲ್ಲವಂತೆ. ಧ್ವನಿಪೆಟ್ಟಿಗೆಯನ್ನೇ ತೆಗೀಬೇಕಂತೆ."

"ಅವರು ಅಂಗಡಿಯಿಂದ ಬೀಡಿ ತಂದದ್ದು ನಾನು ನೋಡ್ಲೇ ಇಲ್ಲ."

"ಅಂಗಡಿಗೆ ಯಾಕೆ ಹೋಗ್ಬೇಕು? ಸರಿ ಕಟ್ಟಿಲ್ಲ ಅಂತ ಬೀಡಿ ತಗೊಳ್ಳುವ ಬ್ರಾಂಚಿನವರು ವಾಪಸ್ ಕೊಟ್ಟದ್ದನ್ನು ಬಿಸಾಡುದು ಯಾಕೆ ಅಂತ ನಾನೇ ಕೊಡ್ತಿದ್ದೆ. ಇಪ್ಪತ್ತಾರು ವರ್ಷ."

"ಇನ್ನಾದರೂ ಕಟ್ಟುದು ಬಿಡಿ ಅಕ್ಕ."

"ಬಿಟ್ಟರೆ ಆಸ್ಪತ್ರೆಗೆ ಹೋಗುದು ಹೇಗೆ?"

ಬೀಡಿ ಬ್ರಾಂಚಿನ ಎದುರು ಬಸ್ಸು ನಿಂತಿತು. ಸುಗಂಧಿಯಕ್ಕ ಬುಟ್ಟಿ ಅಲುಗದಂತೆ ಎದ್ದಳು.

"ಇವತ್ತು ಒಂದೂ ವಾಪಸ್ ಬರದ ಹಾಗೆ ಕಟ್ಟಿದ್ದೇನೆ ಮಾರಾಯ್ತಿ. ಬಂದರೆ ಇನ್ನು ಸೇದ್ಲಿಕ್ಕೆ ಮನೆಯಲ್ಲಿ ಜನ ಇಲ್ಲ."